ನೆರೆಹೊರೆಯ ಮಾತು ಕೇಳುವ ಚಿತ್ರಕಣಗಳು

ಹೆಬ್ಬೆರಳನ್ನು ಮುಖದ ಮುಂದೆ ಒಂದು ಗೇಣು ದೂರದಲ್ಲಿ ನೆಟ್ಟಗೆ ಹಿಡಿದು, ಮೊದಲು ಎಡಗಣ್ಣನ್ನೂ ಆಮೇಲೆ ಬಲಗಣ್ಣನ್ನೂ ಮುಚ್ಚಿ ನೋಡಿದರೆ, ಬೆರಳು ಹಿಂದಿನ ಗೋಡೆಯ ಮೇಲೆ ಪಕ್ಕಕ್ಕೆ ಜಿಗಿದಂತೆ ತೋರುತ್ತದೆ. ಕೈಯನ್ನು ಪೂರ್ತಿ ಚಾಚಿ ಹಿಡಿದರೆ ಆ ಜಿಗಿತ ಕಡಮೆಯಾಗುತ್ತದೆ. ಬೀದಿಯ ಕೊನೆಯಲ್ಲಿರುವ ತೆಂಗಿನ ಮರವಂತೂ ಜಿಗಿದಂತೆಯೇ ಕಾಣುವುದಿಲ್ಲ. ನಮ್ಮ ಎರಡು ಕಣ್ಣುಗಳು ಒಂದಕ್ಕೊಂದು ಸುಮಾರು ಆರು ಸೆಂಟಿಮೀಟರ್ ದೂರದಲ್ಲಿರುವುದರಿಂದ, ಅವುಗಳಿಗೆ ಕಾಣುವ ಚಿತ್ರಗಳು ತುಸು ಬೇರೆಬೇರೆ. ಈ ಭೇದದಿಂದಲೇ ಮಿದುಳು ದೂರವನ್ನು ಅಳೆಯುತ್ತದೆ ಎಂಬುದನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ೧೮೩೮ರಲ್ಲಿ ತನ್ನ ಸ್ಟೀರಿಯೋಸ್ಕೋಪ್ ಎಂಬ ಉಪಕರಣದಿಂದ ತೋರಿಸಿಕೊಟ್ಟನು.

ಎರಡು ಕಣ್ಣಿನ ಈ ವಿದ್ಯೆಯನ್ನು ಯಂತ್ರಕ್ಕೆ ಕಲಿಸುವುದು ಹೇಗೆ? ಒಂದೇ ಮಟ್ಟದಲ್ಲಿ ಎರಡು ಕ್ಯಾಮರಾಗಳನ್ನು ಅಕ್ಕಪಕ್ಕ ನಿಲ್ಲಿಸಿ ಚಿತ್ರ ತೆಗೆಯುವುದು ಸುಲಭ. ಎಡಚಿತ್ರದಲ್ಲಿರುವ ಒಂದು ವಸ್ತು ಬಲಚಿತ್ರದಲ್ಲಿ ಎಷ್ಟು ಸರಿದಿದೆಯೆಂದು ತಿಳಿದರೆ, ಅದರ ದೂರವನ್ನು ಶಾಲೆಯ ರೇಖಾಗಣಿತದಿಂದಲೇ ಕಂಡುಹಿಡಿಯಬಹುದು: ಸರಿತ ಇಮ್ಮಡಿಯಾದರೆ ದೂರ ಅರ್ಧ. ಈ ಸರಿತವನ್ನು ನಾವು ಸ್ಥಾನಪಲ್ಲಟವೆಂದು ಕರೆಯೋಣ. ತೊಡಕು ಇರುವುದು ರೇಖಾಗಣಿತದಲ್ಲಲ್ಲ; ಈ ಚಿತ್ರದ ಯಾವ ಚುಕ್ಕೆ ಆ ಚಿತ್ರದ ಯಾವ ಚುಕ್ಕೆಗೆ ಜೋಡಿ ಎಂದು ನಿರ್ಧರಿಸುವುದರಲ್ಲಿ. ತಾನಾಗಿ ನಡೆಯುವ ವಾಹನವೊಂದು ಮುಂದಿರುವ ಕಂಬವನ್ನು ಹಿಂದಿನ ಗೋಡೆಯೆಂದು ಬಗೆದರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ.

ಒಂದು ಮೇಜು, ಒಂದು ದೀಪ, ಎರಡು ಚಿತ್ರ

ಈ ಕ್ಷೇತ್ರದಲ್ಲಿ ದುಡಿಯುವವರೆಲ್ಲ ಬಲ್ಲ ಒಂದು ಚಿತ್ರದ ಜೋಡಿಯುಂಟು. ಜಪಾನಿನ ತ್ಸುಕುಬಾ ವಿಶ್ವವಿದ್ಯಾನಿಲಯದಲ್ಲಿ ತೆಗೆದದ್ದು. ಮುಂದೆ ಮೇಜಿನ ದೀಪ, ಅದರ ಹಿಂದೆ ಒಂದು ಶಿಲ್ಪದ ತಲೆ, ಇನ್ನೂ ಹಿಂದೆ ಪುಸ್ತಕಗಳ ಕಪಾಟು. ಚಿತ್ರದ ಅಗಲ ೩೮೪ ಕಣಗಳು, ಎತ್ತರ ೨೮೮ ಕಣಗಳು. ಒಟ್ಟು ೧,೧೦,೫೯೨ ಚಿತ್ರಕಣಗಳು. ಪಿಕ್ಸೆಲ್ ಎಂದು ಜನ ಕರೆಯುವುದು ಇವನ್ನೇ. ಪ್ರತಿಯೊಂದು ಕಣದ ಸ್ಥಾನಪಲ್ಲಟವೂ ೦ಯಿಂದ ೧೫ರ ವರೆಗಿನ ಹದಿನಾರು ಬೆಲೆಗಳಲ್ಲಿ ಒಂದು. ಅಂದರೆ ಪ್ರತಿ ಕಣದ ಹಣೆಗೂ ಹದಿನಾರು ಗುರುತುಗಳಲ್ಲಿ ಒಂದನ್ನು ಹಚ್ಚಬೇಕು.

ಚಿತ್ರಸಂಸ್ಕರಣದ ಅನೇಕ ಸಮಸ್ಯೆಗಳ ಒಳರೂಪ ಇದೇ ಆಗಿದೆ. ಮಾಸಿದ ಪುಟದಲ್ಲಿ ಪ್ರತಿ ಕಣವೂ ಶಾಯಿಯೊ ಕಾಗದವೊ ಎಂದು ಹೇಳಬೇಕಾದರೆ ಗುರುತುಗಳು ಎರಡು. ರೋಗಿಯ ಮಿದುಳಿನ ಚಿತ್ರದಲ್ಲಿ ಯಾವುದು ಯಾವ ಬಗೆಯ ಅಂಗಾಂಶವೆಂದು ವಿಂಗಡಿಸಬೇಕಾದರೆ ಗುರುತುಗಳು ಕೆಲವು. ಇವನ್ನೆಲ್ಲ ಒಟ್ಟಾಗಿ ಗುರುತು ಹಚ್ಚುವ ಸಮಸ್ಯೆಗಳೆನ್ನಬಹುದು.

ಒಂದೊಂದು ಕಣವನ್ನೂ ಪ್ರತ್ಯೇಕವಾಗಿ ವಿಚಾರಿಸಿದರೆ ಫಲ ಚೆನ್ನಾಗಿರುವುದಿಲ್ಲ. ಬರಿಯ ಬಿಳಿಗೋಡೆಯ ನಡುವಿನ ಕಣಕ್ಕೆ ಬಲಚಿತ್ರದಲ್ಲಿ ತನ್ನಂತೆಯೇ ಇರುವ ನೂರು ಕಣಗಳು ಕಾಣುತ್ತವೆ. ಯಾವುದು ತನ್ನ ಜೋಡಿಯೆಂದು ಅದು ಹೇಗೆ ಹೇಳೀತು? ಆದರೆ ಗೋಡೆಯ ಅಂಚಿನಲ್ಲಿರುವ ಕಣಕ್ಕೆ ಉತ್ತರ ಸ್ಪಷ್ಟವಾಗಿ ಗೊತ್ತು. ಅಂಚಿನ ಕಣದ ತಿಳಿವಳಿಕೆ ನಡುವಿನ ಕಣಕ್ಕೆ ತಲಪುವಂತಾದರೆ ಕೆಲಸ ಕೈಗೂಡುತ್ತದೆ.

ಆದುದರಿಂದ ನಾವು ಎರಡು ನಿಯಮಗಳನ್ನು ಒಟ್ಟಿಗೆ ಹಿಡಿಯಬೇಕು. ಮೊದಲನೆಯದು, ಗುರುತು ಕಣ್ಣಿಗೆ ಕಂಡ ಸಾಕ್ಷ್ಯಕ್ಕೆ ಒಪ್ಪಬೇಕು. ಎರಡನೆಯದು, ಅಕ್ಕಪಕ್ಕದ ಕಣಗಳ ಗುರುತುಗಳು ಸಾಮಾನ್ಯವಾಗಿ ಒಂದನ್ನೊಂದು ಹೋಲಬೇಕು. ಲೋಕದಲ್ಲಿ ವಸ್ತುಗಳು ಬಹುಮಟ್ಟಿಗೆ ಅಖಂಡವಾಗಿರುತ್ತವಷ್ಟೆ. ಈ ಎರಡನೆಯ ನಿಯಮದ ಗಣಿತ ಭೌತವಿಜ್ಞಾನದಿಂದ ಬಂದುದು. ಅಯಸ್ಕಾಂತದೊಳಗಿನ ಸೂಕ್ಷ್ಮ ಕಾಂತಗಳು ನೆರೆಯವುಗಳ ದಿಕ್ಕನ್ನೇ ಹಿಡಿಯಲು ಹವಣಿಸುವ ಬಗೆಯನ್ನು ಜರ್ಮನಿಯ ಅರ್ನ್‌ಸ್ಟ್ ಈಸಿಂಗ್ ೧೯೨೫ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವೇಚಿಸಿದ್ದನು. ಸ್ಟುವರ್ಟ್ ಮತ್ತು ಡೊನಾಲ್ಡ್ ಗೆಮನ್ ಎಂಬ ಸೋದರರು ೧೯೮೪ರಲ್ಲಿ ಅದೇ ಬಗೆಯ ಗಣಿತವನ್ನು ಕೆಟ್ಟುಹೋದ ಚಿತ್ರಗಳ ಜೀರ್ಣೋದ್ಧಾರಕ್ಕೆ ಬಳಸಿದರು.

ನಿಯಮಗಳನ್ನು ಹೇಳುವುದು ಸುಲಭ. ಅವುಗಳಿಗೆ ಅತ್ಯಂತ ಚೆನ್ನಾಗಿ ಒಪ್ಪುವ ಗುರುತುಗಳ ಜೋಡಣೆಯನ್ನು ಹುಡುಕುವುದು ಕಷ್ಟ. ತ್ಸುಕುಬಾ ಚಿತ್ರಕ್ಕೆ ಗುರುತು ಹಚ್ಚಬಹುದಾದ ವಿಧಾನಗಳ ಸಂಖ್ಯೆಯನ್ನು ಬರೆಯಹೊರಟರೆ ಅದರಲ್ಲಿ ೧,೩೩,೦೦೦ಕ್ಕೂ ಹೆಚ್ಚು ಅಂಕಿಗಳಿರುತ್ತವೆ. ಒಂದೊಂದನ್ನೂ ಪರೀಕ್ಷಿಸುವ ಮಾತು ಎಷ್ಟು ವೇಗದ ಗಣಕಯಂತ್ರಕ್ಕೂ ಸಲ್ಲದು.

ಮೂರು ಕಣಗಳ ಲೆಕ್ಕ

ದೊಡ್ಡ ಚಿತ್ರವನ್ನು ಸದ್ಯಕ್ಕೆ ಬದಿಗಿಟ್ಟು, ಹಳೆಯ ಪುಸ್ತಕದ ಒಂದು ಅಕ್ಷರದ ಅಡ್ಡಗೆರೆಯಿಂದ ಮೂರೇ ಕಣಗಳನ್ನು ಎತ್ತಿಕೊಳ್ಳೋಣ. ಎಡದ ಕಣವೂ ಬಲದ ಕಣವೂ ಕಪ್ಪಗಿವೆ. ಅವು ಶಾಯಿಯಾಗಿರುವ ಸಂಭವ ಕಾಗದವಾಗಿರುವ ಸಂಭವದ ಒಂಬತ್ತು ಪಾಲು. ಇದನ್ನು ೯ಕ್ಕೆ ೧ ಎಂದು ಬರೆಯೋಣ. ನಡುವಿನ ಕಣ ಮಂಕಾಗಿದೆ; ತನ್ನಷ್ಟಕ್ಕೆ ನೋಡಿದರೆ ಶಾಯಿಗೆ ೨, ಕಾಗದಕ್ಕೆ ೩. ಅಂದರೆ ಅದು ಶಾಯಿಯೆಂಬ ನಂಬಿಕೆ ನೂರಕ್ಕೆ ೪೦ ಮಾತ್ರ. ಇನ್ನು ನೆರೆಯ ನಿಯಮ: ಅಕ್ಕಪಕ್ಕದವು ಒಂದೇ ಬಗೆಯಾಗಿದ್ದರೆ ೪, ಬೇರೆಯಾಗಿದ್ದರೆ ೧ ಎಂಬ ತೂಕವನ್ನು ಕೊಡೋಣ.

ಈಗ ಎಡದ ಕಣ ನಡುವಿನದಕ್ಕೆ ಒಂದು ಸಂದೇಶವನ್ನು ಕಳುಹಿಸುತ್ತದೆ. ಆ ಸಂದೇಶದಲ್ಲಿರುವುದು ಎರಡೇ ಸಂಖ್ಯೆ. "ನೀನು ಶಾಯಿಯಾಗಿದ್ದರೆ ನನ್ನ ಸಾಕ್ಷ್ಯಕ್ಕೆ ಎಷ್ಟು ಒಪ್ಪುತ್ತದೆ?" ತಾನು ಶಾಯಿಯಾಗಿದ್ದರೆ ೯ ಗುಣಿಸು ೪, ಕಾಗದವಾಗಿದ್ದರೆ ೧ ಗುಣಿಸು ೧, ಕೂಡಿದರೆ ೩೭. "ನೀನು ಕಾಗದವಾಗಿದ್ದರೆ?" ೯ ಗುಣಿಸು ೧, ೧ ಗುಣಿಸು ೪, ಕೂಡಿದರೆ ೧೩. ಬಲದ ಕಣವೂ ಇದೇ ಸಂದೇಶವನ್ನು ಕಳುಹಿಸುತ್ತದೆ. ನಡುವಿನ ಕಣ ತನ್ನ ಸಾಕ್ಷ್ಯವನ್ನೂ ಬಂದ ಎರಡು ಸಂದೇಶಗಳನ್ನೂ ಗುಣಿಸಿಕೊಳ್ಳುತ್ತದೆ. ಶಾಯಿಗೆ ೨ ಗುಣಿಸು ೩೭ ಗುಣಿಸು ೩೭, ಎಂದರೆ ೨,೭೩೮. ಕಾಗದಕ್ಕೆ ೩ ಗುಣಿಸು ೧೩ ಗುಣಿಸು ೧೩, ಎಂದರೆ ೫೦೭. ನೂರಕ್ಕೆ ೪೦ ಇದ್ದ ನಂಬಿಕೆ ಈಗ ೮೪ಕ್ಕೆ ಏರಿತು. ಮಾಸಿದ ಗೆರೆ ಕೂಡಿಕೊಂಡಿತು.

ಹಾಗಾದರೆ ಅಕ್ಷರದ ನಡುವೆ ನಿಜವಾಗಿಯೇ ಇರುವ ತೆರಪನ್ನೂ ಈ ಉಪಾಯ ಅಳಿಸಿಬಿಡುವುದೋ ಎಂಬ ಶಂಕೆ ಹುಟ್ಟುವುದು ಸಹಜ. ನಡುವಿನ ಕಣ ಮಂಕಾಗಿರದೆ ಸ್ವಚ್ಛವಾಗಿ ಬಿಳಿಯಾಗಿದ್ದು, ಶಾಯಿಗೆ ೧, ಕಾಗದಕ್ಕೆ ೯ ಎಂದು ಸಾಕ್ಷ್ಯ ನುಡಿದರೆ, ಮೇಲಿನ ಲೆಕ್ಕದಲ್ಲಿ ಶಾಯಿಗೆ ೧,೩೬೯, ಕಾಗದಕ್ಕೆ ೧,೫೨೧ ಬರುತ್ತದೆ. ಕೂದಲೆಳೆಯ ಅಂತರದಲ್ಲಾದರೂ ತೆರಪು ಉಳಿಯಿತು. ಸಂಶಯದಲ್ಲಿರುವವನಿಗೆ ನೆರೆಯವರ ಮಾತು ಹೆಚ್ಚು. ಕಣ್ಣಾರೆ ಕಂಡವನಿಗೆ ತನ್ನ ಕಣ್ಣೇ ಹೆಚ್ಚು.

ವಾಚಕರು ಬೇಕಾದರೆ ಮೂರು ಕಣಗಳ ಎಂಟು ಜೋಡಣೆಗಳನ್ನೂ ಬರೆದು, ತೂಕಗಳನ್ನು ಕೂಡಿ ನೋಡಬಹುದು. ಅವೇ ಸಂಖ್ಯೆಗಳು ಬರುತ್ತವೆ. ಸಂದೇಶಗಳ ಉಪಾಯ ಇಲ್ಲಿ ಅಂದಾಜಲ್ಲ, ಕರಾರುವಾಕ್ಕಾದ ಉತ್ತರ. ಆದರೆ ಕೆಲಸ ಎಷ್ಟೋ ಕಡಮೆ. ಸಾಲಿನಲ್ಲಿ ಒಂದು ಕಣ ಹೆಚ್ಚಿದರೆ ಜೋಡಣೆಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಸಂದೇಶಗಳ ಸಂಖ್ಯೆ ಎರಡರಷ್ಟು ಮಾತ್ರ ಬೆಳೆಯುತ್ತದೆ, ಹೋಗುವುದೊಂದು, ಬರುವುದೊಂದು.

ಹೇಳಿದವನಿಗೇ ತಿರುಗಿ ಹೇಳಬಾರದು

ಸಾಲು ಉದ್ದವಾಗಿದ್ದರೆ ಸಂದೇಶಗಳನ್ನು ದಾಟಿಸುವ ಕ್ರಮ ಹೇಗಿರಬೇಕು? ಹೊಳೆಯ ದಂಡೆಯಲ್ಲಿ ಸಾಲಾಗಿ ಊರುಗಳಿವೆಯೆಂದು ಭಾವಿಸೋಣ. ರಾತ್ರಿ ಹೊಳೆಗೆ ಪ್ರವಾಹ ಬರುವುದೇ ಎಂಬುದು ಪ್ರಶ್ನೆ. ಒಂದೂರಿನವರು ಮಿಂಚು ಕಂಡಿದ್ದಾರೆ, ಇನ್ನೊಂದೂರಿನವರು ನೀರು ಕೆಂಪಾದುದನ್ನು ಕಂಡಿದ್ದಾರೆ. ಪ್ರತಿ ಊರೂ ಕೆಳಗಿನ ಊರಿಗೆ ಸುದ್ದಿ ಕಳುಹಿಸುವಾಗ, ತಾನು ಕಂಡದ್ದನ್ನೂ ಮೇಲಿನ ಊರಿನಿಂದ ಕೇಳಿದ್ದನ್ನೂ ಕೂಡಿಸಿ ಹೇಳಬೇಕು. ಕೆಳಗಿನ ಊರೇ ತನಗೆ ಹೇಳಿದ್ದನ್ನು ಮಾತ್ರ ಅದರೊಳಗೆ ಸೇರಿಸಬಾರದು. ಸೇರಿಸಿದರೆ ಕೆಳಗಿನವರು ತಮ್ಮ ಮಾತಿನ ಮಾರ್ದನಿಯನ್ನೇ ಹೊಸ ಸಾಕ್ಷ್ಯವೆಂದು ಎಣಿಸಿ ವೃಥಾ ಧೈರ್ಯವನ್ನೋ ವೃಥಾ ಭಯವನ್ನೋ ತಾಳುವರು. ಹೊಳೆಗೆ ಕವಲುಗಳಿದ್ದರೂ ನಿಯಮ ಇದೇ: ಯಾರಿಗೆ ಹೇಳುತ್ತಿರುವೆಯೋ ಅವರನ್ನು ಬಿಟ್ಟು ಉಳಿದವರೆಲ್ಲರಿಂದ ಕೇಳಿದ್ದನ್ನು ಹೇಳು.

ಇಷ್ಟೇ ನಂಬಿಕೆಯ ಪ್ರಸರಣವೆಂಬ ವಿಧಾನದ ತಿರುಳು. ಸಾಕ್ಷ್ಯದಿಂದ ನಂಬಿಕೆಯನ್ನು ತಿದ್ದಿಕೊಳ್ಳುವ ಮೂಲಸೂತ್ರ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸನದು. ಅವನ ಮರಣಾನಂತರ ೧೭೬೩ರಲ್ಲಿ ಅದು ಪ್ರಕಟವಾಯಿತು. ಅದನ್ನು ಬಿಡಿಬಿಡಿ ಘಟಕಗಳ ನಡುವಿನ ಸಂದೇಶಗಳಾಗಿ ಹಂಚುವ ಬಗೆಯನ್ನು ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲಾಸ್ ಏಂಜಲಿಸ್ ಶಾಖೆಯ ಜೂಡಿಯ ಪರ್ಲ್ ೧೯೮೨ರಲ್ಲಿ ನಿರೂಪಿಸಿದರು. ಗಣಕವಿಜ್ಞಾನದ ಪರಮ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ೨೦೧೧ನೆಯ ಸಾಲಿನಲ್ಲಿ ಅವರಿಗೆ ಸಂದಿತು. ಪರ್ಲರಿಗಿಂತ ಎರಡು ದಶಕ ಮೊದಲೇ, ೧೯೬೦ರ ಸುಮಾರಿನಲ್ಲಿ, ಮೆಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ರಾಬರ್ಟ್ ಗ್ಯಾಲಗರ್ ದೂರಸಂಪರ್ಕದಲ್ಲಿ ನುಸುಳುವ ತಪ್ಪುಗಳನ್ನು ತಿದ್ದಲು ಇಂಥದೇ ವಿಧಾನವನ್ನು ಕಂಡುಹಿಡಿದಿದ್ದರು. ಆ ಕಾಲದ ಗಣಕಯಂತ್ರಗಳಿಗೆ ಅದು ಭಾರವಾಗಿದ್ದಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬಹುಮಂದಿ ಮರೆತೇಬಿಟ್ಟರು.

ಸುದ್ದಿ ಸುತ್ತು ಬಂದಾಗ

ಚಿತ್ರದ ಕಣಗಳು ಹೊಳೆಯ ದಂಡೆಯ ಊರುಗಳಂತಲ್ಲ. ಪ್ರತಿ ಕಣಕ್ಕೂ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನಾಲ್ಕು ನೆರೆ. ಚೌಕದ ನಾಲ್ಕು ಮೂಲೆಗಳಲ್ಲಿರುವ ಕಣಗಳ ನಡುವೆ ಸುದ್ದಿ ಒಂದು ಸುತ್ತು ಬಂದು ಹೊರಟವನನ್ನೇ ಸೇರುತ್ತದೆ. ಹೇಳಿದವನಿಗೆ ತಿರುಗಿ ಹೇಳಬಾರದೆಂಬ ನಿಯಮವನ್ನು ಪ್ರತಿಯೊಬ್ಬನೂ ಪಾಲಿಸಿದರೂ ಸುತ್ತುದಾರಿಯನ್ನು ತಡೆಯಲಾಗದು. ಹೀಗೆ ಸಂದೇಶಗಳು ಕೊನೆಯಿಲ್ಲದೆ ಸುತ್ತುತ್ತಿರಬಹುದೆಂದು ಪರ್ಲರೇ ೧೯೮೮ರ ತಮ್ಮ ಗ್ರಂಥದಲ್ಲಿ ಎಚ್ಚರಿಸಿದ್ದರು.

ಅಪಾಯ ಎಷ್ಟರಮಟ್ಟಿನದು? ಇದನ್ನೂ ಲೆಕ್ಕ ಹಾಕಿ ನೋಡೋಣ. ಚೌಕದ ಒಂದು ಮೂಲೆಯ ಕಣಕ್ಕೆ ತಾನು ಶಾಯಿಯೆಂದು ನೂರಕ್ಕೆ ೬೦ ನಂಬಿಕೆಯಿದೆ. ಉಳಿದ ಮೂರಕ್ಕೆ ಸ್ವಂತ ಅಭಿಪ್ರಾಯವೇ ಇಲ್ಲ. ನೆರೆಯ ತೂಕ ಹಿಂದಿನಂತೆ ೪ಕ್ಕೆ ೧. ಸುದ್ದಿ ಒಂದೊಂದು ಹೆಜ್ಜೆ ದಾಟುವಾಗಲೂ, ಸರಿಸಮವಾದ ೫೦ರಿಂದ ಅದು ಎಷ್ಟು ದೂರವಿದೆಯೋ ಅದರ ಐದರಲ್ಲಿ ಮೂರು ಪಾಲು ಮಾತ್ರ ಉಳಿಯುತ್ತದೆ. ೬೦ ಹೋಗಿ ೫೬ ಆಗುತ್ತದೆ, ಆಮೇಲೆ ೫೩.೬, ನಾಲ್ಕು ಹೆಜ್ಜೆ ನಡೆದು ಮನೆಗೆ ಮರಳುವ ಹೊತ್ತಿಗೆ ೫೧.೩. ಮಾರ್ದನಿ ಕೇಳಿಸುತ್ತದೆ, ಆದರೆ ಪಿಸುಮಾತಿನಂತೆ. ನೆರೆಯ ತೂಕವನ್ನು ೯೯ಕ್ಕೆ ೧ ಎಂದು ಬಿಗಿಗೊಳಿಸಿದರೋ ಕಥೆಯೇ ಬೇರೆ. ಹೊರಟ ೬೦ ಸುತ್ತು ಮುಗಿಸಿದಾಗ ೫೯ಕ್ಕಿಂತಲೂ ಮೇಲೆಯೇ ಇರುತ್ತದೆ. ತನ್ನ ಮಾತನ್ನೇ ಇನ್ನೊಬ್ಬನ ಸಾಕ್ಷ್ಯವೆಂದು ನಂಬಿದ ಕಣ ಸುತ್ತಿನಿಂದ ಸುತ್ತಿಗೆ ಹೆಚ್ಚು ಹಟಮಾರಿಯಾಗುತ್ತದೆ. ಊರಿನ ವದಂತಿ ಬಲಿಯುವುದೂ ಹೀಗೆಯೇ ಅಲ್ಲವೆ?

ಆದರೂ ಸುತ್ತುಗಳಿರುವ ಜಾಲದಲ್ಲಿ ಈ ವಿಧಾನವನ್ನು ಕಣ್ಣುಮುಚ್ಚಿ ನಡೆಸಿದಾಗ ಬಹಳ ಕಡೆ ಒಳ್ಳೆಯ ಉತ್ತರವೇ ಬಂದಿತು. ಫ್ರಾನ್ಸಿನ ಕ್ಲೋಡ್ ಬೆರೂ ಮತ್ತು ಸಂಗಡಿಗರು ೧೯೯೩ರಲ್ಲಿ ಟರ್ಬೊ ಸಂಕೇತಗಳನ್ನು ಪ್ರಕಟಿಸಿದರು. ದೂರಸಂಪರ್ಕದ ತಪ್ಪು ತಿದ್ದುವಲ್ಲಿ ಅವುಗಳ ಸಾಮರ್ಥ್ಯ ತಜ್ಞರನ್ನು ಬೆರಗುಗೊಳಿಸಿತು. ಅವನ್ನು ಬಿಡಿಸುವ ಕ್ರಮ ಪರ್ಲರ ವಿಧಾನವೇ ಎಂಬುದು ೧೯೯೮ರ ವೇಳೆಗೆ ಸ್ಪಷ್ಟವಾಯಿತು. ಅಷ್ಟರೊಳಗೆ ಡೇವಿಡ್ ಮೆಕೇ ಮತ್ತು ರ್‍ಯಾಡ್ಫರ್ಡ್ ನೀಲ್ ಗ್ಯಾಲಗರರ ಮರೆತ ಸಂಕೇತಗಳಿಗೆ ಮರುಜೀವ ಕೊಟ್ಟಿದ್ದರು. ಐದನೆಯ ತಲೆಮಾರಿನ ಮೊಬೈಲ್ ಫೋನುಗಳಲ್ಲಿ ಮಾಹಿತಿಯನ್ನು ತಪ್ಪಿಲ್ಲದೆ ದಾಟಿಸಲು ಆ ವಂಶದ ಸಂಕೇತಗಳೇ ಬಳಕೆಯಲ್ಲಿವೆ.

ಇದು ಏಕೆ ಫಲಿಸುತ್ತದೆ? ೨೦೦೦ದ ಸುಮಾರಿನಲ್ಲಿ ಜೊನಾಥನ್ ಯೆಡಿಡಿಯ, ವಿಲಿಯಂ ಫ್ರೀಮನ್, ಯೇರ್ ವೈಸ್ ಎಂಬ ಮೂವರು ಇದಕ್ಕೆ ಒಂದು ವಿವರಣೆಯನ್ನು ಕೊಟ್ಟರು. ಭೌತವಿಜ್ಞಾನಿ ಹ್ಯಾನ್ಸ್ ಬೆಥೆ ೧೯೩೫ರಲ್ಲಿ ಮಿಶ್ರಲೋಹಗಳೊಳಗೆ ಪರಮಾಣುಗಳು ಕ್ರಮವಾಗಿ ನೆಲಸುವುದನ್ನು ವಿವರಿಸಲು ಒಂದು ಅಂದಾಜನ್ನು ರೂಪಿಸಿದ್ದನು. ಸುತ್ತುತ್ತಿರುವ ಸಂದೇಶಗಳು ಬದಲಾಗುವುದನ್ನು ನಿಲ್ಲಿಸಿ ಸ್ಥಿರವಾದರೆ, ಆ ಸ್ಥಿತಿ ಬೆಥೆಯ ಅಂದಾಜಿನ ಮುಕ್ತಶಕ್ತಿ ಏರಿಕೆ ಇಳಿಕೆಯಿಲ್ಲದೆ ಸಮವಾಗಿ ನಿಲ್ಲುವ ಒಂದು ಸ್ಥಾನವೇ ಆಗಿರುತ್ತದೆಂದು ಅವರು ಸಾಧಿಸಿದರು. ಆದರೆ ಸಂದೇಶಗಳು ಸ್ಥಿರವಾಗಿಯೇ ತೀರುವವೆಂಬ ಭರವಸೆಯಿಲ್ಲ. ಕೆಲವೊಮ್ಮೆ ಅವು ತೊಟ್ಟಿಲಿನಂತೆ ಅತ್ತಿಂದಿತ್ತ ತೂಗುತ್ತವೆ. ಆಗ ಹಳೆಯ ಸಂದೇಶವನ್ನೂ ಹೊಸದನ್ನೂ ಬೆರೆಸಿ ವೇಗ ತಗ್ಗಿಸುವ ಉಪಾಯವನ್ನು ಕೈಗೊಳ್ಳುವುದುಂಟು.

ಚಿತ್ರಕ್ಕೆ ಆಳ ಬಂದ ಬಗೆ

ಎರಡು ಚಿತ್ರಗಳಿಂದ ದೂರವನ್ನು ತಿಳಿಯುವ ಸಮಸ್ಯೆಗೆ ಈ ವಿಧಾನವನ್ನು ಸಮರ್ಥವಾಗಿ ಅನ್ವಯಿಸಿದವರಲ್ಲಿ ಜಿಯನ್ ಸುನ್, ನಾನ್‌ನಿಂಗ್ ಝೆಂಗ್, ಹ್ಯೂಂಗ್ ಯೂಂಗ್ ಶಂ ಮುಖ್ಯರು. ಅವರ ಲೇಖನ ೨೦೦೩ರದು. ಇಂಥ ಕೆಲಸದಲ್ಲಿ ಸಂಭವನೀಯತೆಗಳನ್ನು ಗುಣಿಸುವ ಬದಲು ಅವುಗಳ ಲಾಗರಿತಮುಗಳನ್ನು ಕೂಡುವುದು ರೂಢಿ. ಆಗ ಪ್ರತಿ ಗುರುತಿಗೂ ಒಂದು ದಂಡವೆಂದು ತಿಳಿದು, ಒಟ್ಟು ದಂಡ ಅತ್ಯಲ್ಪವಾಗುವ ಜೋಡಣೆಯನ್ನು ಹುಡುಕಿದಂತಾಗುತ್ತದೆ. ಕಣದ ಬಣ್ಣ ಜೋಡಿಯ ಬಣ್ಣಕ್ಕೆ ಹೊಂದದಿದ್ದರೆ ದಂಡ. ನೆರೆಯ ಗುರುತಿನಿಂದ ದೂರವಾದಷ್ಟೂ ದಂಡ. ಆದರೆ ಈ ಎರಡನೆಯ ದಂಡಕ್ಕೆ ಒಂದು ಮೇಲ್ಮಿತಿಯಿದೆ. ದೀಪದ ಅಂಚಿನಲ್ಲಿ ಆಳ ಥಟ್ಟನೆ ಬದಲಾಗುತ್ತದೆ. ಅಲ್ಲಿ ಮಿತಿಯಿಲ್ಲದ ದಂಡ ಹೇರಿದರೆ ದೀಪವೂ ಕಪಾಟೂ ಕರಗಿ ಒಂದು ಇಳಿಜಾರಾಗಿಬಿಡುತ್ತವೆ. ಮಿತಿಯಿದ್ದರೆ ಅಂಚು ಹರಿತವಾಗಿ ಉಳಿಯುತ್ತದೆ.

ಕೆಲಸದ ಹೊರೆ ಕಡಮೆಯದಲ್ಲ. ಪ್ರತಿ ಕಣದಿಂದ ನಾಲ್ಕು ದಿಕ್ಕಿಗೆ ಸಂದೇಶ, ಪ್ರತಿ ಸಂದೇಶದಲ್ಲಿ ಹದಿನಾರು ಸಂಖ್ಯೆ. ತ್ಸುಕುಬಾ ಚಿತ್ರಕ್ಕೆ ಒಂದೊಂದು ಸುತ್ತಿನಲ್ಲೂ ಸುಮಾರು ೭೦ ಲಕ್ಷ ಸಂಖ್ಯೆಗಳಾದುವು. ಪೆಡ್ರೊ ಫೆಲ್ಜೆನ್ಸ್‌ವಾಲ್ಬ್ ಮತ್ತು ಡೇನಿಯಲ್ ಹಟನ್‌ಲೋಕರ್ ೨೦೦೪ರಲ್ಲಿ ಮೂರು ಜಾಣ್ಮೆಗಳಿಂದ ಈ ಹೊರೆಯನ್ನು ಇಳಿಸಿದರು.

ಮೊದಲನೆಯದು: ಒಂದು ಸಂದೇಶವನ್ನು ಸಿದ್ಧಪಡಿಸಲು ಹದಿನಾರು ಗುರುತುಗಳನ್ನು ಹದಿನಾರರೊಡನೆ ಹೋಲಿಸಿ ೨೫೬ ಹೋಲಿಕೆ ಮಾಡಬೇಕಾಗಿಲ್ಲ, ದಂಡ ಒಂದೇ ಪ್ರಮಾಣದಲ್ಲಿ ಏರುವುದರಿಂದ ಪಟ್ಟಿಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓದಿದರೆ ಸಾಕು. ಎರಡನೆಯದು: ಕಣಗಳನ್ನು ಚದುರಂಗದ ಮಣೆಯ ಮನೆಗಳಂತೆ ಕಪ್ಪು ಬಿಳಿ ಎಂದು ವಿಂಗಡಿಸಿದರೆ, ಕಪ್ಪು ಮನೆಯ ನೆರೆಯೆಲ್ಲ ಬಿಳಿ. ಒಂದು ಸರದಿಯಲ್ಲಿ ಕಪ್ಪು ಮನೆಗಳು ಮಾತನಾಡಲಿ, ಮುಂದಿನದರಲ್ಲಿ ಬಿಳಿಯವು, ಕೆಲಸ ಅರ್ಧವಾಯಿತು. ಮೂರನೆಯದು: ಸುದ್ದಿ ಸುತ್ತಿಗೆ ಒಂದೇ ಕಣದಷ್ಟು ದೂರ ನಡೆಯುವುದರಿಂದ ಚಿತ್ರದ ಈ ಕೊನೆಯಿಂದ ಆ ಕೊನೆಗೆ ತಲಪಲು ನೂರಾರು ಸುತ್ತು ಬೇಕು. ಅದಕ್ಕೆ ಬದಲಾಗಿ, ನಾಲ್ಕು ನಾಲ್ಕು ಕಣಗಳನ್ನು ಒಂದು ಗುಂಪಾಗಿಯೂ, ಆ ಗುಂಪುಗಳನ್ನು ಮತ್ತೆ ಗುಂಪಾಗಿಯೂ ಕಟ್ಟಿ, ದೊಡ್ಡ ಗುಂಪುಗಳ ನಡುವೆ ಮೊದಲು ಮಾತುಕತೆ ನಡೆಸಿ, ಅವುಗಳ ತೀರ್ಮಾನವನ್ನು ಚಿಕ್ಕವುಗಳಿಗೆ ಆರಂಭದ ಸಂದೇಶವಾಗಿ ಒಪ್ಪಿಸಿದರು. ನಿಮಿಷಗಟ್ಟಲೆಯ ಲೆಕ್ಕ ಸೆಕೆಂಡುಗಳಿಗೆ ಇಳಿಯಿತು.

ಉತ್ತರವೋ ಪ್ರಶ್ನೆಯೋ?

ಇದೇ ಸಮಸ್ಯೆಯನ್ನು ಬಿಡಿಸಲು ಇನ್ನೊಂದು ಪ್ರಬಲ ವಿಧಾನವೂ ಇತ್ತು. ಜಾಲವನ್ನು ಅತ್ಯಲ್ಪ ವೆಚ್ಚದಲ್ಲಿ ಕತ್ತರಿಸುವ ಈ ಉಪಾಯವನ್ನು ಬಾಯ್ಕೋವ್, ವೆಕ್ಸ್ಲರ್, ಜಬೀ ಎಂಬವರು ೨೦೦೧ರಲ್ಲಿ ಪ್ರಕಟಿಸಿದ ಲೇಖನದಿಂದ ಅದು ಪ್ರಸಿದ್ಧಿಗೆ ಬಂದಿತು. ಮಾರ್ಷಲ್ ಟ್ಯಾಪನ್ ಮತ್ತು ಫ್ರೀಮನ್ ೨೦೦೩ರಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. ಒಟ್ಟು ದಂಡವನ್ನು ಇಳಿಸುವುದರಲ್ಲಿ ಕತ್ತರಿಸುವ ವಿಧಾನ ಮೇಲಾಯಿತು. ಆದರೆ ದಂಡ ಕಡಮೆಯಾದ ಮಾತ್ರಕ್ಕೆ ನಿಜವಾದ ದೂರಗಳಿಗೆ ಉತ್ತರ ಹೆಚ್ಚು ಹತ್ತಿರವಾಗಲಿಲ್ಲ. ಇನ್ನೂ ವಿಚಿತ್ರವಾದ ಸಂಗತಿಯೆಂದರೆ, ಕೈಯಾರೆ ಅಳೆದು ಗುರುತಿಸಿದ ಸರಿಯುತ್ತರಕ್ಕೇ ಆ ಲೆಕ್ಕದ ಪ್ರಕಾರ ಯಂತ್ರದ ಉತ್ತರಕ್ಕಿಂತ ಹೆಚ್ಚು ದಂಡ ಬಿದ್ದಿತು!

ಇದರ ಅರ್ಥ ಗಂಭೀರವಾದುದು. ಯಂತ್ರ ತನಗೆ ಕೊಟ್ಟ ಪ್ರಶ್ನೆಯನ್ನು ಚೆನ್ನಾಗಿಯೇ ಬಿಡಿಸಿತು. ನಾವು ಕೊಟ್ಟ ಪ್ರಶ್ನೆಯೇ ಲೋಕಕ್ಕೆ ಪೂರ್ತಿ ಹೊಂದುತ್ತಿರಲಿಲ್ಲ. ಒಂದು ಚಿತ್ರದಲ್ಲಿ ದೀಪದ ಮರೆಯಲ್ಲಿ ಅಡಗಿದ ಕಣಕ್ಕೆ ಜೋಡಿಯೇ ಇರುವುದಿಲ್ಲ, ಹೊಳೆಯುವ ಲೋಹ ಎರಡು ಕಣ್ಣಿಗೂ ಒಂದೇ ಬಣ್ಣ ತೋರುವುದಿಲ್ಲ. ನಮ್ಮ ಸರಳ ನಿಯಮಗಳು ಇದನ್ನೆಲ್ಲ ಬಲ್ಲವಾಗಿರಲಿಲ್ಲ. ಇಲ್ಲಿಂದ ಮುಂದೆ ಸಂಶೋಧನೆ ಹುಡುಕುವ ಜಾಣ್ಮೆಯಿಂದ ಕೇಳುವ ಜಾಣ್ಮೆಯ ಕಡೆಗೂ ತಿರುಗಿತು. ೨೦೧೫ರ ಈಚೆಗೆ, ಅಪಾರ ಉದಾಹರಣೆಗಳಿಂದ ತಾವೇ ಕಲಿಯುವ ನರಜಾಲಗಳು ಈ ಕ್ಷೇತ್ರದಲ್ಲಿ ಮುಂದಾಗಿವೆ. ಹಾಗೆಂದು ಸಂದೇಶಗಳ ಉಪಾಯ ಮೂಲೆಗುಂಪಾಗಿಲ್ಲ. ಹೈಕೊ ಹಿರ್ಷ್‌ಮ್ಯುಲರ್ ೨೦೦೫ರಲ್ಲಿ ಮಂಡಿಸಿದ, ಪ್ರತಿ ಕಣಕ್ಕೂ ಹಲವು ನೇರ ಸಾಲುಗಳ ಮೂಲಕ ದಂಡದ ಸುದ್ದಿಯನ್ನು ತಂದು ಕೂಡಿಸುವ ಕ್ರಮ ಇದರ ಹತ್ತಿರದ ಸಂಬಂಧಿ; ಇಂದೂ ಅದು ವ್ಯಾಪಕ ಬಳಕೆಯಲ್ಲಿದೆ.

ಚಿತ್ರದ ಒಂದೊಂದು ಕಣವೂ ಅಲ್ಪಜ್ಞ. ಅದಕ್ಕೆ ಕಾಣುವುದು ತನ್ನ ಬಣ್ಣ, ಕೇಳುವುದು ನಾಲ್ಕು ನೆರೆಯ ಮಾತು. ಆದರೂ ಅವೆಲ್ಲ ಕೂಡಿ ದೀಪವನ್ನು ಗೋಡೆಯಿಂದ ಬೇರ್ಪಡಿಸುತ್ತವೆ. ಅದಕ್ಕೆ ಬೇಕಾದ ಶಿಸ್ತು ಮೂರು ಬಗೆಯದು: ತನ್ನ ಕಣ್ಣಿನ ಸಾಕ್ಷ್ಯವನ್ನು ಬಿಟ್ಟುಕೊಡಬಾರದು, ನೆರೆಯವನ ಮಾತನ್ನು ತಳ್ಳಿಹಾಕಬಾರದು, ತನ್ನದೇ ಮಾರ್ದನಿಯನ್ನು ಬೇರೆಯವರ ಸಾಕ್ಷ್ಯವೆಂದು ಎಣಿಸಬಾರದು. ಮೂರನೆಯದನ್ನು ಪೂರ್ತಿಯಾಗಿ ಪಾಲಿಸುವುದು ಸುತ್ತುದಾರಿಗಳ ಜಾಲದಲ್ಲಿ ಸಾಧ್ಯವಿಲ್ಲ. ನೆರೆಯ ಬಿಗಿತ ಅತಿಯಾಗದಂತೆ ನೋಡಿಕೊಂಡು ಮಾರ್ದನಿಯನ್ನು ಪಿಸುಮಾತಿಗೆ ಇಳಿಸುವುದಷ್ಟೇ ಸಾಧ್ಯ. ಚಿತ್ರಕಣಗಳ ವಿಷಯದಲ್ಲಿ ಅಷ್ಟರಿಂದಲೇ ಬಹುಮಟ್ಟಿಗೆ ಕೆಲಸ ಸಾಗಿದೆ.